ಮೀಟರ್ ಸರಿ ಅಂತದೆ, ಗಾಡಿ ಒಲ್ಲೆ ಅಂತದೆ

ಹಾನಗಲ್ಲಿನಲ್ಲಿ ಜಿಟಿಜಿಟಿ ಮಳೆ ಹಿಡಿದ ಮುಂಜಾನೆ ಸೆಲ್ಫ್ ಒತ್ತಿದರೆ ಬೈಕು ‘ಟಕ್’ ಎಂದು ಸುಮ್ಮನಾಗುತ್ತದೆ. ಗ್ಯಾರೇಜಿಗೆ ತಳ್ಳಿಕೊಂಡು ಹೋದರೆ ಒಂದೇ ಒತ್ತಿಗೆ ಶುರು! ಮೆಕ್ಯಾನಿಕ್ ಮೀಟರ್ ಹಚ್ಚಿ ನೋಡುತ್ತಾನೆ: ಬ್ಯಾಟರಿ 12.6 ವೋಲ್ಟ್, ತಂತಿಗೆ ಹಿಡಿದರೆ ‘ಪೀಂ’ ಸದ್ದು. ದೋಷವೇ ಇಲ್ಲ. ಆದರೂ ಏನಾದರೂ ಬದಲಿಸಬೇಕಲ್ಲ, ಹೊಸ ಬ್ಯಾಟರಿ ಕೂರುತ್ತದೆ. ಮುಂದಿನ ಮಳೆಗೆ ಮತ್ತೆ ಅದೇ ಹಾಡು.

ಪೀಂ ಎನ್ನುವ ಪರೀಕ್ಷೆಯಲ್ಲಿ ಮೀಟರ್ ತಂತಿಯೊಳಗೆ ಹರಿಸುವುದು ತೀರಾ ಅಲ್ಪ ಕರೆಂಟು. ತಂತಿಯ ಎಳೆಗಳೆಲ್ಲ ತುಂಡಾಗಿ ಒಂದೇ ಉಳಿದಿದ್ದರೂ ಅಷ್ಟು ಸಲೀಸಾಗಿ ದಾಟುತ್ತದೆ. ಸೆಲ್ಫ್ ಮೋಟಾರಿಗೆ ಬೇಕಾದದ್ದು ಹತ್ತಾರು ಆಂಪಿಯರ್. ಕಿಲುಬು ಹಿಡಿದ ಬೋಲ್ಟಿನಲ್ಲಿ 0.1 ಓಮ್ ರೋಧ ಹುಟ್ಟಿದೆ ಎನ್ನಿ. 40 ಆಂಪಿಯರ್ ಹರಿದರೆ 4 ವೋಲ್ಟ್ ಅಲ್ಲೇ ಸೋರಿಹೋಯಿತು; ಮೋಟಾರಿಗೆ ಉಳಿದದ್ದು ತಿರುಗಲು ಸಾಲದು. ಧರ್ಮಾ ಕಾಲುವೆಯ ನೀರು ಹಾಯಿಸುವ ರೈತನಿಗೆ ಇದು ಹೊಸದಲ್ಲ: ಕಾಲುವೆಯಲ್ಲಿ ಕಸ ಸಿಕ್ಕಿದ್ದರೂ ಕೆಳಗಿನ ತೂಬು ಮುಚ್ಚಿರುವ ತನಕ ಕಸದ ಆಚೆ ಈಚೆ ನೀರಿನ ಮಟ್ಟ ಒಂದೇ, ತೂಬು ತೆಗೆದರಷ್ಟೇ ಕೆಳಗಡೆ ಇಳಿಯುತ್ತದೆ.

ಹಾಗಾಗಿ ಗಾಡಿಯನ್ನು ದುಡಿಸುತ್ತಲೇ ಅಳೆಯಬೇಕು. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ನಿನ ಬರಿಲೋಹಕ್ಕೆ ಒತ್ತಿ ಹಿಡಿದು ಸೆಲ್ಫ್ ಒತ್ತಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ತಂತಿಯದೇ ಕೆಲಸ. ಕರೆಂಟು ಬ್ಯಾಟರಿಗೆ ಮರಳುವುದು ಎಂಜಿನ್ ಮತ್ತು ಚಾಸಿಯ ಮೂಲಕ. ಅರ್ಥ್ ತಂತಿಯ ಬೋಲ್ಟಿನಡಿ ತುಕ್ಕು ಕೂತದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ಲಸ್ ದಾರಿಯನ್ನೂ ಹೀಗೆಯೇ ನೋಡಬಹುದು. ಒತ್ತಿದ ಕ್ಷಣ ಬ್ಯಾಟರಿಯ ಎರಡು ತುದಿಗಳ ನಡುವೆಯೇ 10 ವೋಲ್ಟಿಗಿಂತ ಬಹಳ ಕೆಳಗೆ ಕುಸಿದರೆ ಮಾತ್ರ ಬ್ಯಾಟರಿಯನ್ನು ಬೈಯಿರಿ.

ಎಂಜಿನ್ ಓಡುತ್ತಾ ಓಡುತ್ತಾ ನಿಲ್ಲುವುದು ಬೇರೆ ಜಾತಿ. ಗಾಡಿ ನಿಲ್ಲಿಸಿಕೊಂಡು ಐಡಲ್‌ನಲ್ಲಿ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಎಂಜಿನ್ ತಡವರಿಸಿದರೆ ಅಲ್ಲಿ ಮಡಚಿ ಮಡಚಿ ಸವೆದ ತಂತಿ ಸಿಗುತ್ತದೆ. ಶಿಗ್ಗಾಂವಿಯಿಂದ ಹೆದ್ದಾರಿ ಹಿಡಿದು ಎಂಜಿನ್ ಕಾದ ಮೇಲೆ ನಿಂತು, ತಣ್ಣಗಾದೊಡನೆ ಏನೂ ಆಗದಂತೆ ಶುರುವಾದರೆ ಕಾಯಿಲ್ ಮೇಲೆ ಗುಮಾನಿ. ಸುರುಳಿಯ ಕೂದಲೆಳೆಯಷ್ಟು ಬಿರುಕು ಬಿಸಿಗೆ ಹಿಗ್ಗಿ ಬಾಯಿ ಬಿಡುತ್ತದೆ, ತಂಪಿಗೆ ಕೂಡಿಕೊಳ್ಳುತ್ತದೆ. ತಣ್ಣಗಿದ್ದಾಗ ಅಳೆದರೆ ಏನೂ ಸಿಗದು.

ಸವಣೂರಿನ ಕಡೆ ಗುಂಡಿಬಿದ್ದ ರಸ್ತೆಯ ಕುಲುಕಾಟ ತಂತಿಗಳನ್ನು ಜೋಡಿಸುವ ಕಪ್ಲರಿನ ಪಿನ್ನುಗಳನ್ನು ಕಾಣದಷ್ಟು ಸಣ್ಣಗೆ ಉಜ್ಜುತ್ತಿರುತ್ತದೆ. ಮೇಲಿನ ತವರದ ಲೇಪ ಸವೆದು ಪುಡಿಯಾಗಿ, ಆ ಪುಡಿ ಗಾಳಿ ತಾಗಿ ಆಕ್ಸೈಡ್ ಆಗಿ ಕರೆಂಟಿಗೆ ಅಡ್ಡ ನಿಲ್ಲುತ್ತದೆ. ಕಪ್ಲರನ್ನು ಬಿಚ್ಚಿ ಹಾಕಿದ ಕೂಡಲೇ ಗಾಡಿ ‘ರಿಪೇರಿ’ ಆಗುವ ಪವಾಡದ ಗುಟ್ಟು ಇದೇ: ಪುಡಿ ಒರೆಸಿಹೋಗಿದೆ, ಅಷ್ಟೇ. ಪಿನ್ನಿಗೆ ಪಾಲಿಶ್ ಪೇಪರ್ ಹಚ್ಚಬೇಡಿ, ಉಳಿದ ತವರವೂ ಹೋಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸಾಕು.

ಹಿರೇಕೆರೂರಿನವರಿಗೆ ಇನ್ನೊಂದು ಕಾಟ. ಗೋವಿನಜೋಳದ ರಾಶಿ ಇರುವಲ್ಲಿ ಇಲಿ, ಇಲಿ ಇರುವಲ್ಲಿ ಕಡಿದ ತಂತಿ; ಇಲಿಯ ಮುಂಬಲ್ಲು ಬದುಕಿಡೀ ಬೆಳೆಯುವುದರಿಂದ ಕಡಿಯದೆ ವಿಧಿಯಿಲ್ಲ. ಹೊದಿಕೆ ಹೋಗಿ ತಾಮ್ರ ಚಾಸಿಗೆ ಆಗೊಮ್ಮೆ ಈಗೊಮ್ಮೆ ತಾಗಿದಾಗ ಫ್ಯೂಸ್ ಹಾರುತ್ತದೆ. ಆಗ ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಸುತ್ತುವ ಚಾಳಿ ನಮ್ಮಲ್ಲಿ ಧಾರಾಳ. 10 ಆಂಪಿಯರಿಗೆ ಕಡಿದುಕೊಳ್ಳಬೇಕಿದ್ದ ಫ್ಯೂಸ್ ಇಲ್ಲದಾಗ ಮೊದಲು ಕರಗುವುದು ಪೆಟ್ರೋಲ್ ಟ್ಯಾಂಕಿನಡಿಯ ವೈರಿಂಗ್.