ತಾನಾಗಿ ಮುಚ್ಚುವ ಕಣ್ಣು

‘ಬೆಳಗಿನಿಂದ ಎಡಗಣ್ಣು ಅದುರುತ್ತಿದೆ, ಏನು ಕಾದಿದೆಯೋ’ ಎಂದು ಮನೆಯ ಹಿರಿಯರು ಹೇಳುವುದನ್ನು ನೀವು ಕೇಳಿರಬಹುದು. ಹೆಂಗಸರಿಗೆ ಎಡಗಣ್ಣು ಅದುರಿದರೆ ಶುಭ, ಗಂಡಸರಿಗೆ ಬಲಗಣ್ಣು ಅದುರಿದರೆ ಶುಭ ಎಂಬುದು ನಮ್ಮ ನಾಡಿನ ಹಳೆಯ ನಂಬಿಕೆ. ಈ ನಂಬಿಕೆ ಎಷ್ಟು ಪ್ರಾಚೀನವೆಂದರೆ, ರಾಮಸುಗ್ರೀವರು ಸಖ್ಯ ಮಾಡಿಕೊಂಡ ಗಳಿಗೆಯಲ್ಲಿ ಸೀತೆಯ, ವಾಲಿಯ ಮತ್ತು ರಾಕ್ಷಸರ ಎಡಗಣ್ಣುಗಳು ಏಕಕಾಲದಲ್ಲಿ ಅದುರಿದವೆಂದು ವಾಲ್ಮೀಕಿಯು ವರ್ಣಿಸಿದ್ದಾನೆ. ಅದೇ ಅದುರುವಿಕೆ ಸೀತೆಗೆ ಶುಭಸೂಚಕ, ಉಳಿದವರಿಗೆ ಅಶುಭಸೂಚಕ. ಕವಿಯ ಚಮತ್ಕಾರ ಮೆಚ್ಚತಕ್ಕದ್ದೇ. ಆದರೆ ವೈದ್ಯನು ಕೇಳುವ ಪ್ರಶ್ನೆ ಬೇರೆ: ನಾವು ಅಪ್ಪಣೆ ಕೊಡದೆಯೇ ಕಣ್ಣಿನ ಸ್ನಾಯು ಏಕೆ ಅದುರಿತು?

ನಮ್ಮ ರೆಪ್ಪೆಗಳ ಸುತ್ತ ಬಳೆಯಾಕಾರದ ತೆಳುವಾದ ಸ್ನಾಯುವೊಂದಿದೆ. ಅದು ಸಂಕುಚಿಸಿದಾಗ ಕಣ್ಣು ಮುಚ್ಚುತ್ತದೆ. ಮೇಲಿನ ರೆಪ್ಪೆಯನ್ನು ಎತ್ತಿಹಿಡಿಯಲು ಬೇರೊಂದು ಸ್ನಾಯುವಿದೆ. ಮುಚ್ಚುವ ಸ್ನಾಯುವಿಗೆ ಮಿದುಳಿನಿಂದ ಹೊರಡುವ ಏಳನೆಯ ನರವೂ, ತೆರೆಯುವ ಸ್ನಾಯುವಿಗೆ ಮೂರನೆಯ ನರವೂ ಆಜ್ಞೆಯನ್ನು ಒಯ್ಯುತ್ತವೆ. ಒಂದು ಬಿಗಿಯುವಾಗ ಇನ್ನೊಂದು ಸಡಿಲಗೊಳ್ಳಬೇಕು. ನಿಮಿಷಕ್ಕೆ ಸುಮಾರು 15ರಿಂದ 20 ಬಾರಿ ನಡೆಯುವ ಈ ಹೊಂದಾಣಿಕೆ ನಮ್ಮ ಅರಿವಿಗೇ ಬರುವುದಿಲ್ಲ. ನರದ ತುದಿಯು ಸ್ನಾಯುವನ್ನು ನೇರವಾಗಿ ಮುಟ್ಟುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಅವೆರಡರ ನಡುವೆ ಅತಿ ಸೂಕ್ಷ್ಮವಾದ ಒಂದು ಕಂದರವಿದೆ. ಆಜ್ಞೆ ಬಂದೊಡನೆ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವು ಸ್ರವಿಸಿ, ಆ ಕಂದರವನ್ನು ದಾಟಿ, ಸ್ನಾಯುವನ್ನು ಬಡಿದೆಬ್ಬಿಸುತ್ತದೆ. ಮುಂದಿನ ಮಾತುಗಳೆಲ್ಲ ಈ ಒಂದು ರಾಸಾಯನಿಕವನ್ನು ನೆಚ್ಚಿಕೊಂಡಿವೆ.

ಸಾಮಾನ್ಯವಾದ ಕಣ್ಣದುರುವಿಕೆ ರೋಗವೇ ಅಲ್ಲ. ನಿದ್ದೆಗೆಟ್ಟು ಓದಿದಾಗ, ಕಾಫಿ ಅತಿಯಾದಾಗ, ಮನಸ್ಸಿಗೆ ಆತಂಕವಾದಾಗ ರೆಪ್ಪೆಯ ಕೆಲವೇ ಎಳೆಗಳು ತುಡಿಯುತ್ತವೆ. ಕೆಲವು ದಿನಗಳಲ್ಲಿ ತಾವಾಗಿ ಶಮನಗೊಳ್ಳುತ್ತವೆ. ಪರೀಕ್ಷೆಯ ಕಾಲದಲ್ಲಿ ನಿಮ್ಮಲ್ಲಿ ಕೆಲವರಿಗಾದರೂ ಇದರ ಅನುಭವವಾಗಿರುತ್ತದೆ.

ವಿಶೇಷವಾದುದು, ಭಯಂಕರವೂ ಆದುದು, ಬೇರೆಯೇ ಇದೆ. ದಾವಣಗೆರೆ ಒಂದು ಕಾಲಕ್ಕೆ ಹತ್ತಿಯ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು. ಬೆಣ್ಣೆ ದೋಸೆಗೆ ಎಷ್ಟು ಹೆಸರೋ ಮಂಡಕ್ಕಿಗೂ ಅಷ್ಟೇ ಹೆಸರು. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ, ಕಾದ ಮರಳಿನ ಝಳದಲ್ಲಿ ದುಡಿಯುವವರ ಕಣ್ಣು ಉರಿಯುವುದು ಆಶ್ಚರ್ಯವಲ್ಲ. ಅಂಥ ಒಂದು ಭಟ್ಟಿಯಲ್ಲಿ ದುಡಿಯುವ, 55 ವರ್ಷ ದಾಟಿದ ಹೆಂಗಸೊಬ್ಬಳನ್ನು ಊಹಿಸಿಕೊಳ್ಳೋಣ. ಮೊದಮೊದಲು ಅವಳು ಇತರರಿಗಿಂತ ಹೆಚ್ಚಾಗಿ ಕಣ್ಣು ಮಿಟುಕಿಸುತ್ತಾಳೆ. ಹೊಗೆಯ ದೆಸೆಯಿಂದ ಎಂದುಕೊಳ್ಳುತ್ತಾಳೆ. ತಿಂಗಳುಗಳು ಕಳೆದಂತೆ ಎರಡೂ ಕಣ್ಣುಗಳು ಒಟ್ಟಿಗೇ ಬಿಗಿಯಾಗಿ ಮುಚ್ಚಿಕೊಳ್ಳತೊಡಗುತ್ತವೆ. ಬಿಸಿಲಿಗೆ ಬಂದರೆ ಮುಚ್ಚುತ್ತವೆ, ರಸ್ತೆ ದಾಟುವಾಗ ಮುಚ್ಚುತ್ತವೆ. ಅವಳ ಕಣ್ಣಿನ ಬೊಂಬೆ ನಿರ್ಮಲವಾಗಿದೆ, ಅಕ್ಷಿಪಟ ಆರೋಗ್ಯವಾಗಿದೆ, ದೃಷ್ಟಿಯ ನರ ನೆಟ್ಟಗಿದೆ. ಆದರೂ ಅವಳು ಕುರುಡಿಯಂತೆ ಮೊಮ್ಮಗನ ಕೈ ಹಿಡಿದು ನಡೆಯಬೇಕಾಗುತ್ತದೆ. ಬಾಗಿಲು ಹಾಕಿದ ಮನೆಯಲ್ಲಿ ದೀಪ ಉರಿಯುತ್ತಿದ್ದಂತೆ ಅವಳ ಸ್ಥಿತಿ. ಇದಕ್ಕೆ ರೆಪ್ಪೆಸೆಳೆತವೆಂದು ಹೆಸರು. ವೈದ್ಯರ ಭಾಷೆಯಲ್ಲಿ ಬ್ಲೆಫರೋಸ್ಪಾಸಮ್. ನಡುವಯಸ್ಸು ಮೀರಿದವರಲ್ಲಿ, ಅದರಲ್ಲಿಯೂ ಸ್ತ್ರೀಯರಲ್ಲಿ, ಇದು ಹೆಚ್ಚು. ಹೊಗೆ, ಧೂಳು, ಕಣ್ಣೀರು ಬತ್ತುವಿಕೆ, ಪ್ರಖರವಾದ ಬೆಳಕು ಇವು ಸೆಳೆತವನ್ನು ಕೆರಳಿಸುತ್ತವೆ. ಆದರೆ ದೋಷವು ಮಿದುಳಿನ ಆಳದಲ್ಲಿ ಚಲನೆಯನ್ನು ಹದಗೊಳಿಸುವ ಕೇಂದ್ರಗಳಲ್ಲಿಯೂ ಅವುಗಳ ಸಂಪರ್ಕಜಾಲದಲ್ಲಿಯೂ ಇದೆಯೆಂದು ಇಂದಿನ ವೈದ್ಯಶಾಸ್ತ್ರ ತಿಳಿದಿದೆ.

ಈ ರೋಗಿಗಳು ತಮ್ಮಷ್ಟಕ್ಕೆ ಕಂಡುಕೊಳ್ಳುವ ಉಪಾಯಗಳು ಬಹಳ ಸ್ವಾರಸ್ಯಕರ. ಒಬ್ಬರು ಹುಬ್ಬಿನ ಪಕ್ಕವನ್ನು ಬೆರಳಿನಿಂದ ಮೆಲ್ಲನೆ ಮುಟ್ಟಿಕೊಂಡರೆ ಕಣ್ಣು ತೆರೆಯುತ್ತದೆ. ಇನ್ನೊಬ್ಬರಿಗೆ ಏನನ್ನಾದರೂ ಅಗಿಯುತ್ತಿರಬೇಕು. ಮತ್ತೊಬ್ಬರು ಹಾಡು ಗುನುಗಿದರೆ ಸಾಕು. ನೋಡುವವರಿಗೆ ಇದು ನಟನೆಯಂತೆ ತೋರುತ್ತದೆ. ಹಾಡಿದಾಗ ತೆರೆಯುವ ಕಣ್ಣು ಸುಮ್ಮನಿದ್ದಾಗ ಏಕೆ ಮುಚ್ಚಬೇಕು ಎಂದು ಮನೆಯವರೇ ಗದರಿಸುತ್ತಾರೆ. ವೈದ್ಯರು ಸಹ ಬಹುಕಾಲ ಇದನ್ನು ಮನಸ್ಸಿನ ವಿಕಾರವೆಂದೇ ಎಣಿಸಿದ್ದರು. ಫ್ರಾನ್ಸಿನ ಹೆನ್ರಿ ಮೇಜ್ ಎಂಬ ವೈದ್ಯರು 1910ರಲ್ಲಿಯೇ ಇಂಥ ಮುಖಸೆಳೆತವನ್ನು ವಿವರಿಸಿದ್ದರೂ ಅದು ಮರೆಯಾಗಿತ್ತು. 1976ರಲ್ಲಿ ಲಂಡನ್ನಿನ ನರವೈದ್ಯ ಡೇವಿಡ್ ಮಾರ್ಸ್‌ಡೆನ್ ಅವರು, ಇದು ಮನೋರೋಗವಲ್ಲ, ಮಿದುಳಿನ ಚಲನಕೇಂದ್ರಗಳ ರೋಗವೆಂದು ವಾದಿಸಿದರು. ಅವರು ಅದಕ್ಕಿಟ್ಟ ಹೆಸರು ಒಬ್ಬ ಚಿತ್ರಕಾರನದು! 16ನೆಯ ಶತಮಾನದ ಪೀಟರ್ ಬ್ರೂಗೆಲ್‌ನದೆಂದು ಹೇಳಲಾಗುವ ಒಂದು ಸಣ್ಣ ಚಿತ್ರದಲ್ಲಿ ಕಣ್ಣನ್ನು ಬಿಗಿಯಾಗಿ ಮುಚ್ಚಿ ಬಾಯನ್ನು ಅಗಲವಾಗಿ ತೆರೆದ ಮನುಷ್ಯನೊಬ್ಬನಿದ್ದಾನೆ. ಜನರು ಅವನನ್ನು ಆಕಳಿಸುವವನೆಂದು ತಿಳಿದಿದ್ದರು. ಮಾರ್ಸ್‌ಡೆನ್ನರ ಕಣ್ಣಿಗೆ ಅವನು ರೋಗಿಯಾಗಿ ಕಂಡನು.

ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್ ದೂರದ ಹರಿಹರದಲ್ಲಿ, ತುಂಗಭದ್ರೆಯ ದಡದ ಮೇಲೆ, ಹೊಯ್ಸಳರ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ಅಲ್ಲಿಯ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಒಂದೇ ದೇಹದಲ್ಲಿ ಎರಡು ಬಗೆ. ಅರ್ಧಮುಖಸೆಳೆತವೆಂಬ ಇನ್ನೊಂದು ರೋಗವನ್ನು ನೆನೆದಾಗ ಆ ಮೂರ್ತಿ ಕಣ್ಣಮುಂದೆ ಬರುತ್ತದೆ. ಹೋಲಿಕೆ ಅಷ್ಟಕ್ಕೇ ನಿಲ್ಲಲಿ. ಈ ರೋಗಿಯ ಮುಖದ ಒಂದು ಪಕ್ಕ ಶಾಂತವಾಗಿರುತ್ತದೆ. ಮತ್ತೊಂದು ಪಕ್ಕದಲ್ಲಿ ರೆಪ್ಪೆಯಿಂದ ಆರಂಭವಾದ ಸೆಳೆತ ಕೆನ್ನೆಗೂ ತುಟಿಯ ತುದಿಗೂ ಇಳಿಯುತ್ತದೆ, ನಿದ್ರೆಯಲ್ಲಿಯೂ ಬಿಡದು. ಇಲ್ಲಿ ತಪ್ಪು ಇರುವುದು ಬಹುಮಟ್ಟಿಗೆ ಮಿದುಳಿನ ಕಾಂಡದಿಂದ ಏಳನೆಯ ನರ ಹೊರಬೀಳುವ ಜಾಗದಲ್ಲಿ. ಪಕ್ಕದ ರಕ್ತನಾಳವೊಂದು ನರದ ಮೇಲೆ ಒರಗಿ, ಪ್ರತಿಯೊಂದು ಬಡಿತದೊಡನೆ ಅದನ್ನು ಒತ್ತುತ್ತಿರುತ್ತದೆ. ಅಮೆರಿಕದ ಶಸ್ತ್ರವೈದ್ಯ ಪೀಟರ್ ಜಾನೆಟ್ಟಾ ಅವರು ನರಕ್ಕೂ ನಾಳಕ್ಕೂ ನಡುವೆ ಮೆತ್ತನೆಯ ಸಣ್ಣ ತುಣುಕೊಂದನ್ನು ಇರಿಸಿ ಇದನ್ನು ಗುಣಪಡಿಸುವ ಕ್ರಮವನ್ನು ರೂಢಿಗೆ ತಂದರು.

ಎಳೆಯರನ್ನು ಕಾಡುವ ಸೆಳೆತವೊಂದಿದೆ. ವಾಂತಿಯಾಗುತ್ತಿದ್ದ ಹುಡುಗನಿಗೆ ಮೆಟೊಕ್ಲೋಪ್ರಮೈಡ್ ಮುಂತಾದ ವಾಂತಿ ತಡೆಯುವ ಔಷಧವನ್ನು ಕೊಟ್ಟಿರುತ್ತಾರೆ. ಒಂದೆರಡು ದಿನಗಳಲ್ಲಿ, ಕೆಲವೊಮ್ಮೆ ಕೆಲವೇ ಗಂಟೆಗಳಲ್ಲಿ, ಅವನ ಕಣ್ಣುಗುಡ್ಡೆಗಳು ಮೇಲಕ್ಕೆ ತಿರುಗಿ ಅಲ್ಲಿಯೇ ನಿಂತುಬಿಡುತ್ತವೆ. ಕುತ್ತಿಗೆ ಹಿಂದಕ್ಕೆ ಸೆಟೆಯುತ್ತದೆ, ನಾಲಿಗೆ ಹೊರಳದು. ಅವನಿಗೆ ಎಚ್ಚರವಿರುತ್ತದೆ, ಸುತ್ತಲಿನವರ ಮಾತುಗಳೆಲ್ಲ ಕೇಳುತ್ತಿರುತ್ತವೆ, ಕಣ್ಣನ್ನು ಕೆಳಗಿಳಿಸಲು ಮಾತ್ರ ಆಗದು. ಮೂರ್ಛೆರೋಗವೆಂದು ಕೆಲವರು, ಗಾಳಿ ಸೋಕಿತೆಂದು ಕೆಲವರು ಭಾವಿಸುತ್ತಾರೆ. ನಿಜಸಂಗತಿಯೆಂದರೆ, ಆ ಔಷಧವು ಮಿದುಳಿನ ಡೋಪಮೈನ್ ಎಂಬ ರಾಸಾಯನಿಕದ ಕೆಲಸಕ್ಕೆ ಅಡ್ಡಬಂದಿದೆ. ವೈದ್ಯರು ಔಷಧವನ್ನು ನಿಲ್ಲಿಸಿ ಪ್ರೊಮೆಥಜೀನ್‌ನಂತಹ ಚುಚ್ಚುಮದ್ದನ್ನು ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಕಣ್ಣು ನೆಲೆಗೆ ಬರುತ್ತದೆ. ಆದುದರಿಂದ ಇಂಥ ಮಗುವನ್ನು ಆಸ್ಪತ್ರೆಗೆ ಒಯ್ಯುವಾಗ ನುಂಗಿಸಿದ ಔಷಧದ ಚೀಟಿಯನ್ನು ಕೊಂಡೊಯ್ಯಬೇಕು. ರೋಗನಿದಾನದ ಅರ್ಧ ಭಾಗ ಆ ಚೀಟಿಯಲ್ಲಿಯೇ ಇರುತ್ತದೆ. ಔಷಧವಿಲ್ಲದೆಯೂ ಇಂಥ ಸೆಳೆತ ಬಂದ ಕಾಲವೊಂದಿತ್ತು. ವಿಯೆನ್ನಾದ ವಾನ್ ಎಕೊನೊಮೊ ಅವರು 1917ರಲ್ಲಿ ವರ್ಣಿಸಿದ ನಿದ್ರಾಜ್ವರದಿಂದ ಬದುಕಿ ಉಳಿದವರಲ್ಲಿ ಅನೇಕರು, ವರ್ಷಗಳ ಬಳಿಕ, ಗಂಟೆಗಟ್ಟಲೆ ಕಣ್ಣನ್ನು ಮೇಲಕ್ಕೆ ನೆಟ್ಟು ಕುಳಿತಿರುತ್ತಿದ್ದರು.

ಭದ್ರಾ ನಾಲೆಯ ನೀರಿನಿಂದ ಬತ್ತ ಬೆಳೆಯುವ ಈ ಸೀಮೆಯಲ್ಲಿ ಅರಿತಿರಬೇಕಾದ ಮತ್ತೊಂದು ವಿಷಯವಿದೆ. ರಂಜಕವನ್ನೊಳಗೊಂಡ ಕೆಲವು ಕೀಟನಾಶಕಗಳು ಚರ್ಮದ ಮೂಲಕವೋ ಉಸಿರಿನ ಮೂಲಕವೋ ಮೈಸೇರಿದಾಗ, ಕೆಲಸ ಮುಗಿದ ಅಸಿಟೈಲ್‌ಕೋಲಿನ್ನನ್ನು ಒಡೆದುಹಾಕುವ ಕಿಣ್ವವು ಸ್ತಬ್ಧವಾಗುತ್ತದೆ. ಆಗ ಆ ರಾಸಾಯನಿಕ ಕಂದರದಲ್ಲಿ ತುಂಬಿನಿಂತು ಸ್ನಾಯುಗಳನ್ನು ಬಿಡದೆ ಬಡಿಯುತ್ತದೆ. ಸಿಂಪಡಿಸಿದವನ ರೆಪ್ಪೆಗಳು ಅದುರುತ್ತವೆ, ಪಾಪೆಗಳು ಸೂಜಿಮೊನೆಯಷ್ಟು ಕಿರಿದಾಗುತ್ತವೆ, ಬಾಯಲ್ಲಿ ಜೊಲ್ಲು ಸುರಿಯುತ್ತದೆ. ಈ ಕಣ್ಣದುರುವಿಕೆಯಲ್ಲಿ ಶಕುನ ನೋಡುತ್ತ ಕುಳಿತರೆ ಪ್ರಾಣವೇ ಹೋದೀತು. ಮೈಮೇಲಿನ ಬಟ್ಟೆಯನ್ನು ತೆಗೆದು, ಚರ್ಮವನ್ನು ತೊಳೆದು, ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಅಟ್ರೋಪಿನ್ ಮೊದಲಾದ ಔಷಧಗಳು ಅಲ್ಲಿರುತ್ತವೆ.

ಇನ್ನು ರೆಪ್ಪೆಸೆಳೆತದ ಚಿಕಿತ್ಸೆಯ ಕಥೆ. ಧನುರ್ವಾಯು ನಿಮಗೆ ಗೊತ್ತಿರುವ ರೋಗ. ಗಾಯದೊಳಗೆ ಸೇರಿದ ಒಂದು ಬಗೆಯ ಬ್ಯಾಕ್ಟೀರಿಯ ಸ್ರವಿಸುವ ವಿಷದಿಂದ ದವಡೆ ಕಚ್ಚಿಕೊಂಡು, ಮೈಯೆಲ್ಲ ಬಿಲ್ಲಿನಂತೆ ಬಾಗುತ್ತದೆ. ಆ ಬ್ಯಾಕ್ಟೀರಿಯದ ದಾಯಾದಿಯೊಂದಿದೆ. ಅದರ ವಿಷದ ಪರಿಣಾಮ ಇದಕ್ಕೆ ತೀರ ವಿರುದ್ಧ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಹೊರಬೀಳದಂತೆ ತಡೆದು ಸ್ನಾಯುವನ್ನು ಸಡಿಲಗೊಳಿಸಿಬಿಡುತ್ತದೆ. ಜರ್ಮನಿಯಲ್ಲಿ ಕೆಟ್ಟ ಮಾಂಸದ ತಿನಿಸನ್ನು ತಿಂದು ಜನ ಸಾಯುತ್ತಿದ್ದುದನ್ನು ಕಂಡು, ವೈದ್ಯನೂ ಕವಿಯೂ ಆಗಿದ್ದ ಯುಸ್ಟಿನುಸ್ ಕೆರ್ನರ್ 1820ರ ಸುಮಾರಿಗೆ ಈ ವಿಷವನ್ನು ಅಭ್ಯಸಿಸಿದನು. ತನ್ನ ಮೇಲೆಯೇ ಪ್ರಯೋಗಿಸಿಕೊಂಡನು. ಅತಿಯಾದ ಚಲನೆಯ ರೋಗಗಳಿಗೆ ಇದೇ ಮದ್ದಾಗಬಹುದೆಂದು ಅವನು ಆಗಲೇ ಬರೆದಿಟ್ಟನು. 1895ರಲ್ಲಿ ಬೆಲ್ಜಿಯಮ್ಮಿನ ಹಳ್ಳಿಯೊಂದರಲ್ಲಿ, ಶವಸಂಸ್ಕಾರದಲ್ಲಿ ವಾದ್ಯ ನುಡಿಸಲು ಹೋಗಿದ್ದವರು ಹಂದಿಯ ಮಾಂಸವನ್ನುಂಡು ಕಾಯಿಲೆಬಿದ್ದರು, ಮೂವರು ಸತ್ತರು. ಅಲ್ಲಿ ದೊರೆತ ಮಾಂಸದಿಂದ ಎಮಿಲ್ ವಾನ್ ಎರ್ಮೆಂಗೆಮ್ ಅವರು ಆ ಬ್ಯಾಕ್ಟೀರಿಯವನ್ನು ಬೇರ್ಪಡಿಸಿದರು.

ಕೆರ್ನರನ ಊಹೆ ನಿಜವಾಗಲು ಒಂದೂವರೆ ಶತಮಾನ ಹಿಡಿಯಿತು. ಸಾನ್ ಫ್ರಾನ್ಸಿಸ್ಕೋದ ನೇತ್ರವೈದ್ಯ ಆಲನ್ ಸ್ಕಾಟ್ ಅವರು ಮೆಳ್ಳೆಗಣ್ಣನ್ನು ಶಸ್ತ್ರಚಿಕಿತ್ಸೆಯಿಲ್ಲದೆ ಸರಿಪಡಿಸುವ ದಾರಿಯನ್ನು ಹುಡುಕುತ್ತಿದ್ದರು. ಈ ವಿಷದ ಅತ್ಯಲ್ಪ ಕಣವನ್ನು ಕೋತಿಗಳ ಕಣ್ಣಿನ ಸ್ನಾಯುವಿಗೆ ಚುಚ್ಚಿ ನೋಡಿ 1973ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆ ದಶಕದ ಕೊನೆಗೆ ಮನುಷ್ಯರಿಗೂ ಕೊಟ್ಟರು. ಮೆಳ್ಳೆಗಣ್ಣಿಗೆಂದು ಹುಡುಕಿದ ಮದ್ದು ರೆಪ್ಪೆಸೆಳೆತಕ್ಕೆ ಇನ್ನೂ ಚೆನ್ನಾಗಿ ಒದಗಿತು. 1989ರಲ್ಲಿ ಅಮೆರಿಕದ ಸರ್ಕಾರ ಎರಡಕ್ಕೂ ಅದನ್ನು ಮಾನ್ಯ ಮಾಡಿತು. ಇಂದು ಅದೇ ಪದಾರ್ಥವನ್ನು ಮುಖದ ಸುಕ್ಕು ಅಳಿಸಲು ಬಳಸುವವರೇ ಹೆಚ್ಚು ಪ್ರಸಿದ್ಧರು. ಆದರೆ ಅದರ ಹುಟ್ಟು ಕುರುಡರಂತೆ ಬಾಳುತ್ತಿದ್ದವರ ಕಣ್ಣಿನ ಬಳಿ ಎಂಬುದನ್ನು ಬಲ್ಲವರು ಕಡಿಮೆ.

ದಾವಣಗೆರೆಯಲ್ಲಿ 1965ರಲ್ಲಿ ಜಗದ್ಗುರು ಜಯದೇವ ಮುರುಘರಾಜೇಂದ್ರ ವೈದ್ಯಕೀಯ ಮಹಾವಿದ್ಯಾಲಯ ಸ್ಥಾಪನೆಯಾದ ಮೇಲೆ, ಹರಿಹರದವರಿಗೂ ಸುತ್ತಣ ಹಳ್ಳಿಯವರಿಗೂ ಕಣ್ಣಿನ ತಜ್ಞರು ಹತ್ತಿರದಲ್ಲಿಯೇ ದೊರೆಯುವಂತಾಯಿತು. ಮಿದುಳು ಮತ್ತು ನರಗಳ ಹೆಚ್ಚಿನ ಪರೀಕ್ಷೆ ಬೇಕಾದವರು ಸುಮಾರು 260 ಕಿಲೋಮೀಟರ್ ದೂರದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೂ ಹೋಗುತ್ತಾರೆ. ನಾವು ಊಹಿಸಿಕೊಂಡ ಮಂಡಕ್ಕಿ ಭಟ್ಟಿಯ ಹೆಂಗಸಿಗೆ ರೆಪ್ಪೆಗಳ ಸುತ್ತ ಕೆಲವೆಡೆ ನವಿರಾದ ಸೂಜಿಯಿಂದ ಈ ಮದ್ದನ್ನು ಚುಚ್ಚುತ್ತಾರೆ. ಎರಡು ಮೂರು ದಿನಗಳಲ್ಲಿ ಬಿಗಿತ ಇಳಿಯತೊಡಗುತ್ತದೆ. ಕೆಲವರಿಗೆ ರೆಪ್ಪೆ ಸ್ವಲ್ಪ ಜೋಲುವುದುಂಟು, ಕಣ್ಣು ಒಣಗುವುದುಂಟು. ಅವು ಕ್ರಮೇಣ ಸರಿಹೋಗುತ್ತವೆ. ಅವಳು ಮೊಮ್ಮಗನ ಕೈಬಿಟ್ಟು ರಸ್ತೆ ದಾಟಬಲ್ಲಳು. ಸುಮಾರು ಮೂರು ತಿಂಗಳು ಕಳೆಯುವಷ್ಟರಲ್ಲಿ ನರದ ತುದಿಗಳು ಹೊಸ ಕವಲುಗಳನ್ನು ಚಾಚಿ, ಹಳೆಯ ಶಕ್ತಿಯನ್ನು ಮರಳಿ ಪಡೆದು, ಸ್ನಾಯುವನ್ನು ಮತ್ತೆ ಬಿಗಿಯತೊಡಗುತ್ತವೆ. ಆಗ ಅವಳು ಇನ್ನೊಮ್ಮೆ ಆಸ್ಪತ್ರೆಯ ಮೆಟ್ಟಿಲು ಹತ್ತಬೇಕು.