ವಯಸ್ಸಾದ ಮೇಲೆ ಮತ್ತೆ ಬೈಕ್ ಹತ್ತುವ ಮುನ್ನ: ಯಾವ ಗಾಡಿ, ಯಾವ ಎಚ್ಚರಿಕೆ?

ಸಂಸಾರ ಬೆಳೆದಾಗ ಸ್ಕೂಟರ್ ಮಾರಿ ಲೋಕಲ್ ರೈಲು ಹಿಡಿದ ಮುಂಬಯಿಯ ಎಷ್ಟೋ ಮಂದಿಗೆ ನಿವೃತ್ತಿಯ ಬಳಿಕ ಮತ್ತೆ ಗಾಡಿ ಬೇಕೆನಿಸುತ್ತದೆ. ಡೊಂಬಿವಲಿ, ಮುಲುಂಡ್, ಠಾಣೆಯಂಥ ಕಡೆ ಸ್ಟೇಷನ್‌ಗೆ, ಆಸ್ಪತ್ರೆಗೆ ಹೋಗಿಬರಲು ಅದು ಅನುಕೂಲವೇ. ಆದರೆ ಈ ವಯಸ್ಸಿನಲ್ಲಿ ಬಿದ್ದರೆ ಮೂಳೆ ಬೇಗ ಮುರಿಯುತ್ತದೆ, ನಿಧಾನವಾಗಿ ಕೂಡುತ್ತದೆ. ಆದ್ದರಿಂದ ಶೋರೂಮಿಗಿಂತ ಮೊದಲು ವೈದ್ಯರ ಬಳಿ ಹೋಗಿ.

ಯಾವ ತಪಾಸಣೆ ಬೇಕು?

• ಕಣ್ಣು: ಪೊರೆ ಇದ್ದರೆ ರಾತ್ರಿ ಎದುರಿನ ದೀಪ ಕಣ್ಣು ಕುಕ್ಕುತ್ತದೆ. ಗ್ಲಾಕೋಮಾ ಇದ್ದರೆ ಪಕ್ಕದಿಂದ ಬರುವ ವಾಹನ ಕಾಣದೇ ಹೋಗಬಹುದು.
• ಮಧುಮೇಹ: ಪಾದ ಜೋಮು ಹಿಡಿದಿದ್ದರೆ ಬ್ರೇಕ್ ಎಷ್ಟು ಒತ್ತಿದ್ದೀರೆಂದು ತಿಳಿಯದು. ಇನ್ಸುಲಿನ್ ತೆಗೆದುಕೊಳ್ಳುವವರು ಹೊರಡುವ ಮುನ್ನ ಸಕ್ಕರೆ ನೋಡಿಕೊಳ್ಳಿ. 70ಕ್ಕಿಂತ ಕಡಿಮೆ ಇದ್ದರೆ ಗಾಡಿ ಮುಟ್ಟಬೇಡಿ.
• ಔಷಧಿ: ನಿದ್ದೆ ಮಾತ್ರೆ, ಕೆಲವು ಶೀತದ ಮಾತ್ರೆಗಳು ಮಂಪರು ತರುತ್ತವೆ. ರಕ್ತ ತೆಳುವಾಗಿಸುವ ಔಷಧಿ ಇದ್ದರೆ ತಲೆಯ ಸಣ್ಣ ಪೆಟ್ಟೂ ಅಪಾಯ.
• ಮಂಡಿ, ಸೊಂಟ: ನಿಂತ ಗಾಡಿ ವಾಲಿದಾಗ ಅದರ ಭಾರ ಹೊರುವುದು ಇವೇ.

ಯಾವ ಗಾಡಿ?

ಭಾರ ಮತ್ತು ಸೀಟಿನ ಎತ್ತರ ನೋಡಿ. 350 ಸಿಸಿ ಬುಲೆಟ್ ಮಾದರಿಯ ಬೈಕ್ ಸುಮಾರು 195 ಕೆಜಿ. 110 ಸಿಸಿ ಸ್ಕೂಟರ್ ಸುಮಾರು 105 ಕೆಜಿ. ಕುಳಿತಾಗ ಎರಡೂ ಪಾದ ನೆಲಕ್ಕೆ ಊರಬೇಕು. ಸ್ಟ್ಯಾಂಡ್ ಹಾಕಿ, ತೆಗೆದು, ಹಿಂದಕ್ಕೆ ತಳ್ಳಿ ನೋಡಿ. ಏದುಸಿರು ಬಂದರೆ ಆ ಗಾಡಿ ನಿಮಗಲ್ಲ. ಸ್ಕೂಟರ್ ಹಗುರ, ಆದರೆ ಚಕ್ರ ಚಿಕ್ಕದಾದ್ದರಿಂದ ಗುಂಡಿಯಲ್ಲಿ ಹೆಚ್ಚು ಕುಲುಕುತ್ತದೆ. ಬೈಕ್ ಬೇಕೆಂದರೆ ಎಬಿಎಸ್ ಇರುವುದನ್ನು ಆರಿಸಿ. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಂಡು ಜಾರುವುದನ್ನು ಅದು ತಡೆಯುತ್ತದೆ.

ಹಳೆಯ ಅಭ್ಯಾಸವೇ ಅಪಾಯವೇ?

ಹೌದು. ಹಳೆಯ ಬುಲೆಟ್‌ನಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ ಇತ್ತು. ಈಗ ಅದು ತಿರುವುಮುರುವು. ಹಳೆಯ ಚೇತಕ್‌ನಲ್ಲಿ ಎಡಗೈಗೆ ಕ್ಲಚ್ ಇತ್ತು. ಗೇರಿಲ್ಲದ ಸ್ಕೂಟರಿನಲ್ಲಿ ಅಲ್ಲಿ ಬ್ರೇಕ್ ಇದೆ. ಗಾಬರಿಯಲ್ಲಿ ಕೈಕಾಲು ಹಳೆಯ ದಾರಿಯನ್ನೇ ಹಿಡಿಯುತ್ತವೆ. ಕೆಲವು ವಾರ ಬೆಳಗಿನ ಖಾಲಿ ರಸ್ತೆಯಲ್ಲಿ ಅಭ್ಯಾಸ ಮಾಡಿ. ಮಳೆಗಾಲದಲ್ಲಿ ಶುರು ಮಾಡಬೇಡಿ.

ಕಾನೂನು ಏನು ಹೇಳುತ್ತದೆ?

40 ದಾಟಿದವರು ಲೈಸೆನ್ಸ್ ನವೀಕರಣಕ್ಕೆ ವೈದ್ಯಕೀಯ ಪ್ರಮಾಣಪತ್ರ ಕೊಡಬೇಕು. ಅವಧಿ ಮುಗಿದು ವರ್ಷ ಕಳೆದಿದ್ದರೆ ಚಾಲನಾ ಪರೀಕ್ಷೆ ಮತ್ತೆ ಕೊಡಬೇಕು. ಐಎಸ್‌ಐ ಗುರುತಿನ ಹೆಲ್ಮೆಟ್ ಹಿಂದೆ ಕೂರುವವರಿಗೂ ಕಡ್ಡಾಯ. ಬಾಂದ್ರಾ-ವರ್ಲಿ ಸೀ ಲಿಂಕ್, ಅಟಲ್ ಸೇತು ಮೇಲೆ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ.

ಮನೆಯವರು ಏನು ಗಮನಿಸಬೇಕು?

ಗಾಡಿಯ ಮೇಲೆ ಹೊಸ ಗೀರುಗಳು, ಪರಿಚಿತ ದಾರಿ ತಪ್ಪುವುದು, ನಿಂತಾಗ ತಲೆಸುತ್ತು ಕಂಡರೆ ಸುಮ್ಮನಿರಬೇಡಿ. ಗದರಿಸದೆ, ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಿ. ಫಿಟ್ಸ್ ಬಂದವರು, ಪ್ರಜ್ಞೆ ತಪ್ಪಿದವರು ವೈದ್ಯರು ಒಪ್ಪುವವರೆಗೆ ಓಡಿಸಬಾರದು. ಬೇಡವೆಂದು ವೈದ್ಯರು ಹೇಳಿದರೆ ರಿಕ್ಷಾ ಹಿಡಿಯುವುದು ಸೋಲಲ್ಲ.