ದೋಷಕ್ಕೇ ಹೆಚ್ಚು ಬೆಲೆ

ಹಳೆಯ ಕಾರು ಕೊಳ್ಳುವವರಲ್ಲಿ ಎರಡು ಬಗೆ. ಒಬ್ಬರಿಗೆ ಅದು ಕಾಪಾಡಿ ಇಡಬೇಕಾದ ಕಲಾವಸ್ತು. ಇನ್ನೊಬ್ಬರಿಗೆ ರಸ್ತೆಗೆ ಇಳಿಸಬೇಕಾದ ವಾಹನ. ಇಬ್ಬರೂ ಒಂದೇ ಕಾರನ್ನು ಮೆಚ್ಚುವುದು ಕಷ್ಟ. ಯೂರೋಪಿನ ಎರಡು ಹೆಸರಾಂತ ಸ್ಪೋರ್ಟ್ಸ್ ಕಾರುಗಳಾದ ಜಾಗ್ವಾರ್ ಇ-ಟೈಪ್ ಮತ್ತು ಪೋರ್ಷೆ 911 ಇದಕ್ಕೆ ಒಳ್ಳೆಯ ನಿದರ್ಶನ.

ಇಂಗ್ಲೆಂಡಿನ ಇ-ಟೈಪ್ 1961ರ ಮಾರ್ಚಿನಲ್ಲಿ ಜಿನೀವಾದಲ್ಲಿ ಬೆಳಕು ಕಂಡಿತು. ಅದರ ಆಕಾರ ರೂಪಿಸಿದ ಮಾಲ್ಕಂ ಸೇಯರ್ ವಿಮಾನ ತಯಾರಿಕೆಯಲ್ಲಿ ಪಳಗಿದವರು. ಮೈಯ ರೇಖೆಗಳನ್ನು ಗಣಿತದ ಲೆಕ್ಕದಿಂದ ಎಳೆದರು. ಉದ್ದನೆಯ ಮೂತಿಯೊಳಗೆ 3.8 ಲೀಟರಿನ ಆರು ಸಿಲಿಂಡರ್ ಎಂಜಿನ್. ಶಕ್ತಿ 265 ಅಶ್ವಶಕ್ತಿ, ವೇಗ ಗಂಟೆಗೆ 240 ಕಿಲೋಮೀಟರ್ ಎಂದು ಕಂಪೆನಿ ಸಾರಿತು. ಬೆಲೆ ಮಾತ್ರ ಫೆರಾರಿಗಿಂತ ಎಷ್ಟೋ ಕಡಿಮೆ.

ಜರ್ಮನಿಯ ಪೋರ್ಷೆ ಬಂದದ್ದು 1963ರಲ್ಲಿ, ಫ್ರಾಂಕ್‌ಫರ್ಟ್ ಪ್ರದರ್ಶನಕ್ಕೆ. ಆಗ ಅದರ ಹೆಸರು 901. ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರು ತನ್ನದೆಂದು ಫ್ರಾನ್ಸಿನ ಪೆಜೊ ಕಂಪೆನಿ ಆಕ್ಷೇಪಿಸಿದ್ದರಿಂದ 911 ಆಯಿತು. ಎಂಜಿನ್ ಬರೀ 2 ಲೀಟರಿನದು. ಶಕ್ತಿ 130, ಅಂದರೆ ಜಾಗ್ವಾರಿನ ಅರ್ಧದಷ್ಟು. ಗಾಳಿಯಿಂದಲೇ ತಣಿಯುವ ಈ ಎಂಜಿನ್ ಕೂತಿರುವುದು ಹಿಂದಿನ ಅಚ್ಚಿಗಿಂತಲೂ ಹಿಂದೆ. ಭಾರವೆಲ್ಲ ಹಿಂದಿನ ಗಾಲಿಗಳ ಮೇಲಿರುವುದರಿಂದ ನೆಲದ ಹಿಡಿತ ಚೆನ್ನ. ಆದರೆ ತಿರುವಿನ ನಡುವೆ ಚಾಲಕ ಬೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದನೋ, ಕಾರಿನ ಹಿಂಭಾಗ ಹೊರಕ್ಕೆ ಬೀಸಿಕೊಳ್ಳುತ್ತದೆ.

ಎರಡೂ ಕಂಪೆನಿಗಳು ತಮ್ಮ ಕುಂದುಗಳನ್ನು ಬೇಗನೆ ಕಂಡುಕೊಂಡವು. 1969ರ ಮಾದರಿಯಲ್ಲಿ ಪೋರ್ಷೆ ಹಿಂದಿನ ಗಾಲಿಗಳನ್ನು 57 ಮಿಲಿಮೀಟರ್ ಹಿಂದಕ್ಕೆ ಸರಿಸಿತು. ಕಾರಿನ ಮೊಂಡುತನ ಬಹಳಷ್ಟು ತಗ್ಗಿತು. ಮೊದಲ ಇ-ಟೈಪುಗಳ ತಳ ಚಪ್ಪಟೆಯಾಗಿದ್ದು ಎತ್ತರದವರಿಗೆ ಕಾಲು ಚಾಚಲು ಜಾಗ ಸಾಲದು. 1962ರಲ್ಲಿ ತಳವನ್ನು ತಗ್ಗಿಸಲಾಯಿತು. ಓಡುತ್ತಿರುವಾಗ ಮೊದಲ ಗೇರಿಗೆ ಇಳಿಸಿದರೆ ಕರಕರ ಎನ್ನುತ್ತಿದ್ದ ಗೇರುಪೆಟ್ಟಿಗೆಯೂ 1964ರ 4.2 ಲೀಟರ್ ಮಾದರಿಯಲ್ಲಿ ಬದಲಾಯಿತು.

ವಿಚಿತ್ರವೆಂದರೆ, ಸಂಗ್ರಹಕಾರರು ಹುಡುಕಿಕೊಂಡು ಹೋಗುವುದು ತಿದ್ದುಪಡಿಗೆ ಮುಂಚಿನ ಕಾರುಗಳನ್ನೇ. ಚಪ್ಪಟೆ ತಳದ ಜಾಗ್ವಾರ್, ಗಾಲಿಗಳ ಅಂತರ ಕಡಿಮೆಯಿರುವ ಪೋರ್ಷೆ ಅವರಿಗೆ ಅಚ್ಚುಮೆಚ್ಚು. ಕಡಿಮೆ ಸಂಖ್ಯೆ, ಮೂಲದ ಶುದ್ಧತೆ ಅಲ್ಲಿ ಮುಖ್ಯ. ಓಡಿಸುವ ಆಸೆಯುಳ್ಳವರು ಒಂದೆರಡು ವರ್ಷ ಈಚಿನ ಕಾರು ಕೊಂಡರೆ ಹಣವೂ ಉಳಿದೀತು, ಸುಖವೂ ಸಿಕ್ಕೀತು.

ಇ-ಟೈಪಿನ ತಯಾರಿಕೆ 1974ರಲ್ಲಿ ನಿಂತಿತು. 1996ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಒಂದನ್ನು ತನ್ನದಾಗಿಸಿಕೊಂಡಿತು. 911 ಮಾತ್ರ ತಿದ್ದಿಕೊಳ್ಳುತ್ತಲೇ ಸಾಗಿ 2017ರಲ್ಲಿ ಹತ್ತು ಲಕ್ಷದ ಗಡಿ ಮುಟ್ಟಿತು. ಆದರೆ ಎರಡಕ್ಕೂ ಶತ್ರು ಒಂದೇ: ತುಕ್ಕು. ಹೊಳೆಯುವ ಬಣ್ಣಕ್ಕೆ ಮರುಳಾಗುವ ಮೊದಲು ಬಗ್ಗಿ ತಳ ನೋಡುವವನೇ ಜಾಣ. ಇನ್ನು ವರ್ಷಗಟ್ಟಲೆ ನಿಂತೇ ಇದ್ದರೆ ರಬ್ಬರು ಒಣಗುತ್ತದೆ, ಪೆಟ್ರೋಲು ಕೆಡುತ್ತದೆ. ಕಲಾವಸ್ತುವೆಂದು ಬೀಗ ಹಾಕಿ ಇಟ್ಟವರೂ ಆಗಾಗ ಅದನ್ನು ಓಡಿಸಲೇಬೇಕು.